ಮಲೆನಾಡಿನ ಮಕ್ಕಳಿಗೆ ತಮ್ಮ ಬೆಟ್ಟವನ್ನೇ ಓದುವ ಬೇಸಿಗೆ ಸಿಗಲಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಏಪ್ರಿಲ್ ಎರಡನೇ ವಾರದಲ್ಲಿ ಶಾಲೆಗಳಿಗೆ ರಜೆ ಸಿಗುತ್ತಿದ್ದಂತೆ ತಮ್ಮ ಪತ್ರಿಕೆಯೂ ಸೇರಿ ಎಲ್ಲ ಪತ್ರಿಕೆಗಳ ಪುಟಗಳಲ್ಲಿ ಬೇಸಿಗೆ ಶಿಬಿರಗಳ ಪ್ರಕಟಣೆಗಳು ಕಾಣಿಸಿಕೊಳ್ಳುತ್ತವೆ. ಈಚಿನ ವರ್ಷಗಳಲ್ಲಿ ಅವುಗಳ ನಡುವೆ ಪಶ್ಚಿಮಘಟ್ಟದ ಹೆಸರು ಹೆಚ್ಚಾಗಿ ಕೇಳಿಬರುತ್ತಿದೆ. ಆಗುಂಬೆಯ ಮಳೆಕಾಡಿನಲ್ಲಿ ವಾಸ್ತವ್ಯ, ದಾಂಡೇಲಿಯಲ್ಲಿ ಪಕ್ಷಿವೀಕ್ಷಣೆ, ಚಿಕ್ಕಮಗಳೂರಿನ ಗಿರಿಗಳಲ್ಲಿ ನಡಿಗೆ ಎಂದು ನಗರಗಳ ಮಕ್ಕಳನ್ನು ಕರೆತರುವ ಈ ಶಿಬಿರಗಳ ಬಗ್ಗೆ ನನಗೆ ಅಸಮಾಧಾನವಿಲ್ಲ. ಕಾಡನ್ನು ಒಮ್ಮೆಯಾದರೂ ಕಣ್ಣಾರೆ ಕಂಡ ಮಗು ದೊಡ್ಡವನಾದ ಮೇಲೆ ಅದರ ಬಗ್ಗೆ ಯೋಚಿಸುವ ರೀತಿಯೇ ಬೇರೆಯಾಗುತ್ತದೆ. ಆದರೆ ಅದೇ ಬೆಟ್ಟಗಳ ಬುಡದಲ್ಲಿ ಹುಟ್ಟಿ, ಅದೇ ಹಳ್ಳದ ನೀರು ಕುಡಿದು, ಅದೇ ಕಾನಿನ ದಾರಿಯಲ್ಲಿ ಶಾಲೆಗೆ ನಡೆಯುವ ಸಾವಿರಾರು ಮಕ್ಕಳಿಗೆ ಅಲ್ಲಿನ ಜೀವವಿಜ್ಞಾನವನ್ನು ಕ್ರಮವಾಗಿ ಕಲಿಯುವ ಅವಕಾಶ ಇಂದಿಗೂ ಇಲ್ಲ. ಅವರ ಬೇಸಿಗೆಯ ಬಗ್ಗೆ ಶಿಕ್ಷಣ ಇಲಾಖೆ, ಅರಣ್ಯ ಇಲಾಖೆ ಮತ್ತು ಗ್ರಾಮ ಪಂಚಾಯಿತಿಗಳು ಒಟ್ಟಾಗಿ ಯೋಚಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಬೇಸಿಗೆಯಲ್ಲಿ ಮಲೆನಾಡು ಒಣಗಿ ನಿಂತಿರುತ್ತದೆ, ನೋಡುವಂಥದ್ದೆಲ್ಲ ಮಳೆ ಬಿದ್ದ ಮೇಲೆಯೇ ಎಂಬ ಭಾವನೆ ಬಹಳ ಜನರಲ್ಲಿದೆ. ಜಲಪಾತ ನೋಡಲು ಬರುವವರ ಮಟ್ಟಿಗೆ ಅದು ಸರಿ. ಪ್ರಕೃತಿಯನ್ನು ಅಧ್ಯಯನ ಮಾಡಬೇಕೆನ್ನುವವರಿಗೆ ಮಾರ್ಚ್‌ನಿಂದ ಮೇ ಕೊನೆಯವರೆಗಿನ ದಿನಗಳಷ್ಟು ಕಲಿಸುವ ಕಾಲ ಮತ್ತೊಂದಿಲ್ಲ, ಏಕೆಂದರೆ ನೀರು ಕಡಿಮೆಯಾದಾಗಲೇ ಯಾವ ಜೀವಿ ಯಾವುದನ್ನು ನೆಚ್ಚಿಕೊಂಡು ಬದುಕಿದೆ ಎಂಬುದು ತೆರೆದು ಕಾಣುತ್ತದೆ. ನೆಲ ಬಿರುಕು ಬಿಡುವ ಹೊತ್ತಿನಲ್ಲೇ ಕಾಡಿನ ಬಹುಪಾಲು ಮರಗಳು ಚಿಗುರುವುದನ್ನು ನಾವೆಲ್ಲ ನೋಡಿದ್ದೇವೆ. ನಾಗಸಂಪಿಗೆಯ ಎಳೆ ಎಲೆಗಳು ಕೆಂಪಾಗಿ ಜೋತಾಡುವುದು ಈ ಕಾಲದಲ್ಲಿಯೇ. ಮಳೆಗೆ ಮೊದಲೇ ಮರವೇಕೆ ಚಿಗುರಬೇಕು ಎಂದು ಯಾವ ಮಗುವೂ ಕೇಳಬಹುದಾದ ಈ ಪ್ರಶ್ನೆಗೆ ವಿಜ್ಞಾನ ಕೊಡುವ ಉತ್ತರ ಬಹಳ ಸ್ವಾರಸ್ಯವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನೀಲಗಿರಿಯ ಬುಡದ ಮುದುಮಲೆ ಕಾಡಿನಲ್ಲಿ ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಣಗಾಲದಲ್ಲೇ ಚಿಗುರಿದ ಮರಗಳ ಎಲೆಗಳನ್ನು ಕೀಟಗಳು ತಿನ್ನುವ ಪ್ರಮಾಣ ಮಳೆ ಆರಂಭವಾದ ಮೇಲೆ ಚಿಗುರಿದ ಮರಗಳಿಗಿಂತ ಕಡಿಮೆ ಎಂದು ಕಂಡುಬಂದಿತು. ಹುಳುಗಳ ದಂಡು ಮಳೆಯೊಂದಿಗೆ ಏಳುವ ಹೊತ್ತಿಗೆ ಆ ಎಲೆಗಳು ಬಲಿತು ಗಡುಸಾಗಿರುತ್ತವೆ. ಇದನ್ನು ಪರೀಕ್ಷಿಸಲು ಪ್ರಯೋಗಶಾಲೆಯೇನೂ ಬೇಕಿಲ್ಲ. ಶಾಲೆಯ ಹಿಂದಿನ ಬೆಟ್ಟದಲ್ಲಿ ಹತ್ತು ಮರಗಳನ್ನು ಗುರುತಿಸಿ, ಅವು ಚಿಗುರಿದ ದಿನ ಬರೆದಿಟ್ಟು, ಜೂನ್ ಕೊನೆಯಲ್ಲಿ ಪ್ರತಿ ಮರದ ಎಲೆಗಳಲ್ಲಿ ಎಷ್ಟು ತೂತುಗಳಿವೆ ಎಂದು ಎಣಿಸಿದರೆ ಎಂಟನೇ ತರಗತಿಯ ಹುಡುಗಿಯೊಬ್ಬಳು ತನ್ನೂರಿನ ಮರಗಳು ಈ ಲೆಕ್ಕಕ್ಕೆ ಹೊಂದುತ್ತವೆಯೇ ಇಲ್ಲವೇ ಎಂದು ತಾನೇ ಹೇಳಬಲ್ಲಳು.

ಇನ್ನು ಹಳ್ಳಗಳ ವಿಷಯ. ಮಲೆನಾಡಿನ ವಿಜ್ಞಾನವನ್ನು ಎಲ್ಲಿಂದ ಆರಂಭಿಸಬೇಕು ಎಂದು ಯಾರಾದರೂ ಕೇಳಿದರೆ ನಾನು ಏಪ್ರಿಲ್ ತಿಂಗಳ ಹಳ್ಳವನ್ನೇ ತೋರಿಸುತ್ತೇನೆ. ಒಂದೇ ಊರಿನ ಎರಡು ಹಳ್ಳಗಳಲ್ಲಿ ಒಂದು ಶಿವರಾತ್ರಿಗೇ ನಿಂತುಹೋಗಿ, ಇನ್ನೊಂದು ಜೂನ್‌ವರೆಗೂ ಸಣ್ಣಗೆ ಹರಿಯುತ್ತಿರುವುದು ಇಲ್ಲಿ ಸಾಮಾನ್ಯ. ಎರಡಕ್ಕೂ ಬಿದ್ದ ಮಳೆ ಒಂದೇ. ವ್ಯತ್ಯಾಸ ಇರುವುದು ಅವುಗಳ ತಲೆಯಲ್ಲಿ ಉಳಿದಿರುವ ಕಾಡಿನಲ್ಲಿ. ನಿತ್ಯಹರಿದ್ವರ್ಣದ ಸಹಜ ಕಾಡು ಉಳಿದಿರುವ ಜಲಾನಯನಗಳಲ್ಲಿ ಹಳ್ಳಗಳು ವರ್ಷವಿಡೀ ಹರಿಯುತ್ತವೆ ಎಂದೂ, ಅಕೇಶಿಯಾದಂಥ ಏಕಜಾತಿಯ ನೆಡುತೋಪುಗಳಿರುವ ಅಥವಾ ಬೋಳಾದ ಕಡೆಗಳಲ್ಲಿ ಅವು ಕೆಲವೇ ತಿಂಗಳಲ್ಲಿ ಬತ್ತುತ್ತವೆ ಎಂದೂ ಶರಾವತಿ ಮತ್ತು ಅಘನಾಶಿನಿ ಕೊಳ್ಳಗಳಲ್ಲಿ ಇದೇ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ನಡೆಸಿದ ಅಧ್ಯಯನಗಳು ತೋರಿಸಿವೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಮರಗಳು ಬೆಳೆದ ಜೌಗು ನೆಲದ, ಅಂದರೆ ರಾಮಪತ್ರೆ ಜಡ್ಡಿಯ ಬಳಿ ಕಡುಬೇಸಿಗೆಯಲ್ಲಿ ನಿಂತವರಿಗೆ ಈ ಮಾತಿಗೆ ಬೇರೆ ಸಾಕ್ಷಿ ಬೇಡ. ಕೆಸರಿನಲ್ಲಿ ಉಸಿರಾಡಲೆಂದು ಮೊಣಕಾಲಿನಂತೆ ಮಡಿಸಿ ಮೇಲೆದ್ದ ಬೇರುಗಳ ನಡುವೆ ಆಗಲೂ ನೀರು ಜಿನುಗುತ್ತಿರುತ್ತದೆ. ಗಂಡು ಕಪ್ಪೆ ತನ್ನ ಕೈಗಳಿಂದ ಕೆಸರು ತೆಗೆದು ಮೊಟ್ಟೆಗಳ ಮೇಲೆ ಮೆತ್ತುವ, 2014ರಲ್ಲಿ ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾದ ಕುಂಬಾರ ಕಪ್ಪೆ ಇಂಥ ಜಾಗಗಳ ಜೀವಿ. ಮಳೆಗಾಲದಲ್ಲಿ ಅದು ಮೊಟ್ಟೆಯಿಡುವುದು ಇಂಥ ಹಳ್ಳ, ಜೌಗುಗಳಲ್ಲಿಯೇ.

ಹಳ್ಳದ ಹರಿವನ್ನು ಅಳೆಯುವುದು ಮಕ್ಕಳಿಗೆ ಕಷ್ಟವಲ್ಲ. ಹಳ್ಳ ನೇರವಾಗಿ ಹರಿಯುವ ಹತ್ತು ಮೀಟರ್ ಜಾಗವನ್ನು ಗುರುತಿಸಿ, ಅಗಲವನ್ನೂ ನಾಲ್ಕಾರು ಕಡೆ ಆಳವನ್ನೂ ಅಳೆದು, ಒಣಗಿದ ಅಡಿಕೆ ಸಿಪ್ಪೆಯನ್ನು ತೇಲಿಬಿಟ್ಟು ಅದು ಹತ್ತು ಮೀಟರ್ ದಾಟಲು ಎಷ್ಟು ಸೆಕೆಂಡು ತೆಗೆದುಕೊಂಡಿತು ಎಂದು ನೋಡಿದರೆ ಸೆಕೆಂಡಿಗೆ ಎಷ್ಟು ಲೀಟರ್ ನೀರು ಹರಿಯುತ್ತಿದೆ ಎಂಬ ಅಂದಾಜು ಸಿಗುತ್ತದೆ. ಮೇಲಿನ ನೀರು ತಳದ ನೀರಿಗಿಂತ ಬೇಗ ಹರಿಯುವುದರಿಂದ ಬಂದ ಉತ್ತರವನ್ನು ಸ್ವಲ್ಪ ತಗ್ಗಿಸಬೇಕು ಎಂಬುದನ್ನೂ ಅವರು ಅಲ್ಲಿಯೇ ಕಲಿಯುತ್ತಾರೆ. ನೀರಿನೊಳಗಿನ ಕಲ್ಲೊಂದನ್ನು ನಿಧಾನವಾಗಿ ಎತ್ತಿ ತಿರುವಿದರೆ, ಮರಳಿನ ಕಣಗಳನ್ನು ಅಂಟಿಸಿಕೊಂಡು ಕೊಳವೆಯಂಥ ಗೂಡು ಕಟ್ಟಿಕೊಂಡ ಕ್ಯಾಡಿಸ್ ಹುಳುಗಳೂ ಚಪ್ಪಟೆ ಮೈಯ ಮೇಫ್ಲೈ ಮರಿಗಳೂ ಕಾಣಬಹುದು. ಇವುಗಳಲ್ಲಿ ಬಹಳಷ್ಟಕ್ಕೆ ಆಮ್ಲಜನಕ ತುಂಬಿದ ಶುದ್ಧ ನೀರು ಬೇಕು. ತೋಟದ ಔಷಧಿಯೋ ಊರಿನ ಕೊಳಕೋ ಸೇರುವ ಜಾಗದಿಂದ ಮೊದಲು ಮಾಯವಾಗುವುದು ಇವೇ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೆಯೇ ಇಡಬೇಕು ಎಂಬ ಶಿಸ್ತು ಈ ಪಾಠದ ಅಷ್ಟೇ ಮುಖ್ಯವಾದ ಭಾಗ. ಒಂದು ಶಾಲೆ ಇದನ್ನು ಐದು ಬೇಸಿಗೆ ಬಿಡದೆ ಮಾಡಿದರೆ ಆ ಊರಿನ ಹಳ್ಳದ ಬಗ್ಗೆ ಯಾವ ಸರ್ಕಾರಿ ಕಡತದಲ್ಲೂ ಇರದಷ್ಟು ತಿಳಿವಳಿಕೆ ಆ ಶಾಲೆಯ ಕಪಾಟಿನಲ್ಲಿರುತ್ತದೆ.

ಇಂಥ ದಾಖಲೆ ಇಡುವುದು ಘಟ್ಟದ ಜನರಿಗೆ ಹೊಸದೂ ಅಲ್ಲ. ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟದ ಮನೆಗಳಲ್ಲಿ ಮಳೆಮಾಪಕವಿಟ್ಟು ಇಂಚು, ಸೆಂಟುಗಳ ಲೆಕ್ಕದಲ್ಲಿ ದಿನದಿನದ ಮಳೆಯನ್ನು ಬರೆದಿಡುವ ರೂಢಿ ತಲೆಮಾರುಗಳಿಂದ ನಡೆದುಬಂದಿದೆ. ಹೂಮಳೆ ಯಾವ ದಿನ ಬಿತ್ತು, ಎಂಟು-ಹತ್ತು ದಿನಗಳಲ್ಲಿ ಹೂವು ಅರಳಿತೇ ಎಂಬುದರ ಮೇಲೆ ಅವರ ಇಡೀ ವರ್ಷದ ಬೆಳೆ ನಿಂತಿರುವುದರಿಂದ ಆ ಪುಸ್ತಕಗಳಲ್ಲಿ ಉದಾಸೀನಕ್ಕೆ ಜಾಗವಿಲ್ಲ. ಅಡಿಕೆ ಬೆಳೆಯುವ ನಮ್ಮ ಕಡೆ ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹಿರಿಯರು ನೆನಪಿಟ್ಟುಕೊಂಡಿರುತ್ತಾರೆ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎನ್ನುವ ಗಾದೆಯ ಹಿಂದೆ ಹಲವು ತಲೆಮಾರುಗಳ ಗಮನವಿದೆ. ಹೆಜ್ಜೇನು ಯಾವ ಹೊತ್ತಿಗೆ ಘಟ್ಟಕ್ಕೆ ಬಂತು, ಅಪ್ಪೆಮಿಡಿ ಈ ವರ್ಷ ಕಚ್ಚಿತೇ ಇಲ್ಲವೇ, ಮುರುಗಲು ಹಣ್ಣಾಗುವ ಮೊದಲೇ ಮಳೆ ಹಿಡಿಯಿತೇ ಎಂಬುದೆಲ್ಲ ಮನೆಯ ಹೆಂಗಸರ ಬಾಯಲ್ಲಿ ಇಂದಿಗೂ ಸಿಗುವ ಮಾಹಿತಿ. ಆ ನೆನಪು ಬರಹಕ್ಕೆ ಇಳಿಯುವ ಮೊದಲೇ ಆ ತಲೆಮಾರು ಮರೆಯಾಗುತ್ತಿದೆ. ಅಜ್ಜಿಯ ಬಳಿ ಕುಳಿತು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ಬೇಸಿಗೆ ರಜೆಗಿಂತ ಒಳ್ಳೆಯ ಸಮಯ ಯಾವುದು?

ದೊಡ್ಡ ಪ್ರಾಣಿಪಕ್ಷಿಗಳ ವಿಷಯಕ್ಕೆ ಬಂದರೆ ಬೇಸಿಗೆಯಲ್ಲಿ ಹತ್ತಿರ ಹೋಗದೆ ಕಲಿಯುವುದನ್ನು ಮೊದಲು ಕಲಿಸಬೇಕು. ಕಾಳಿ ಕೊಳ್ಳದ ಕಾಡುಗಳಲ್ಲಿ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳು ಗೂಡು ಮಾಡುವುದು ಈ ತಿಂಗಳುಗಳಲ್ಲಿ. ಹೆಣ್ಣು ಹಕ್ಕಿ ಹಳೆಯ ಮರದ ಪೊಟರೆಯೊಳಗೆ ಸೇರಿ ಬಾಯಿಯನ್ನು ಹಿಕ್ಕೆ, ಹಣ್ಣಿನ ತಿರುಳು ಮತ್ತು ಮಣ್ಣಿನಿಂದ ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸಂದಿಯನ್ನು ಮಾತ್ರ ಬಿಟ್ಟುಕೊಂಡು, ಒಳಗೇ ರೆಕ್ಕೆಯ ಗರಿಗಳನ್ನು ಉದುರಿಸಿ ವಾರಗಟ್ಟಲೆ ಇರುತ್ತದೆ. ಅಷ್ಟೂ ದಿನ ಅವಳಿಗೂ ಮರಿಗೂ ಅತ್ತಿ, ಬಸರಿ, ಆಲದಂಥ ಮರಗಳ ಹಣ್ಣು ತಂದುಕೊಡುವುದು ಗಂಡು ಒಬ್ಬನೇ. ಗೂಡಿನ ಮರದ ಕೆಳಗೆ ಕ್ಯಾಮೆರಾ ಹಿಡಿದವರು ಗುಂಪುಗೂಡಿದರೆ ಅದು ಬರಲು ಹೆದರಿ ಎಲ್ಲೋ ದೂರದಲ್ಲಿ ಕುಳಿತುಬಿಡುತ್ತದೆ, ಒಳಗಿರುವ ತಾಯಿ ಮರಿಗಳ ಊಟ ತಪ್ಪುತ್ತದೆ. ಈ ಹಕ್ಕಿಗಳಿಗಾಗಿಯೇ 2011ರಲ್ಲಿ ದಾಂಡೇಲಿಯಲ್ಲಿ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಿದ ರಾಜ್ಯ ನಮ್ಮದು. ಗೂಡಿನ ಕಾಲ ಮುಗಿದ ಮೇಲೆ ಮರದ ಬುಡದಲ್ಲಿ ಬಿದ್ದ ಬೀಜಗಳನ್ನು ನೋಡಿ ಆ ಕುಟುಂಬ ಏನು ತಿಂದಿತು ಎಂದು ತಿಳಿಯುವ ವಿಧಾನವನ್ನು ವಿಜ್ಞಾನಿಗಳೂ ಬಳಸುತ್ತಾರೆ. ಮಕ್ಕಳು ಇದನ್ನು ಅರಣ್ಯ ಸಿಬ್ಬಂದಿಯ ಜೊತೆಯಲ್ಲಿ ಯಾವ ಹಕ್ಕಿಗೂ ತೊಂದರೆಯಾಗದಂತೆ ಮಾಡಬಹುದು.

ಕಾಳಿಂಗ ಸರ್ಪದ ಮಾತೂ ಹಾಗೆಯೇ. ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರ 2005ರಲ್ಲಿ ಆರಂಭವಾಗಿ, 2008ರಿಂದ ಈ ಹಾವುಗಳಿಗೆ ರೇಡಿಯೊ ಸಾಧನ ಅಳವಡಿಸಿ ಅವುಗಳ ಓಡಾಟವನ್ನು ಹಿಂಬಾಲಿಸಿದ್ದರಿಂದ, ಭಯದ ಕತೆಗಳಷ್ಟೇ ಇದ್ದ ಕಡೆ ನಿಜವಾದ ತಿಳಿವಳಿಕೆ ಬಂದಿತು. ಹೆಣ್ಣು ಕಾಳಿಂಗ ಬೇಸಿಗೆಯ ಕೊನೆಯಲ್ಲಿ ತರಗೆಲೆಗಳನ್ನು ತನ್ನ ಮೈ ಸುರುಳಿಯಿಂದ ಎಳೆದು ಗುಡ್ಡೆ ಮಾಡಿ, ಅದರೊಳಗೆ ಮೊಟ್ಟೆಯಿಟ್ಟು ಕಾವಲು ಕೂರುತ್ತದೆ. ಹೀಗೆ ಎಲೆ ಕೂಡಿಸಿ ಗೂಡು ಕಟ್ಟುವ ಹಾವು ಲೋಕದಲ್ಲಿ ಇದೊಂದೇ. ಮುಂಗಾರಿನ ಭಾರೀ ಮಳೆಯಲ್ಲೂ ಮೊಟ್ಟೆ ನೆನೆಯದಷ್ಟು ಬಿಗಿಯಾಗಿ ಕಟ್ಟಿದ ಆ ಗೂಡನ್ನು, ಮರಿಗಳು ಹೊರಬರುವ ಮೊದಲೇ ತಾಯಿ ತೊರೆದು ಹೋಗುತ್ತದೆ. ಒಂದೇ ಎಂದುಕೊಂಡಿದ್ದ ಈ ಹಾವು ನಾಲ್ಕು ಪ್ರಭೇದಗಳೆಂದು 2024ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದಾಗ, ಪಶ್ಚಿಮಘಟ್ಟದ ಪ್ರಭೇದಕ್ಕೆ ನಮ್ಮ ಜನ ಕರೆಯುವ ಕಾಳಿಂಗ ಎಂಬ ಹೆಸರನ್ನೇ ವಿಜ್ಞಾನಿಗಳು ಇಟ್ಟರು. ತೋಟದಂಚಿನಲ್ಲಿ ಅದರ ಗೂಡು ಕಂಡರೂ ಕೊಲ್ಲದೆ, ಇಲಾಖೆಗೆ ತಿಳಿಸಿ ಆ ಜಾಗಕ್ಕೆ ಯಾರೂ ಸುಳಿಯದಂತೆ ನೋಡಿಕೊಂಡ ಕುಟುಂಬಗಳು ಮಲೆನಾಡಿನಲ್ಲಿವೆ. ಅಂಥವರ ಅನುಭವ ಮಕ್ಕಳಿಗೆ ದೊಡ್ಡ ಪಾಠವಾಗುತ್ತದೆ. ಗೂಡಿನ ಬಳಿ ಮಕ್ಕಳನ್ನು ಕರೆದೊಯ್ಯುವುದು ಮಾತ್ರ ಎಂದಿಗೂ ಕೂಡದು.

ಮನೆಯಂಗಳದಲ್ಲೇ ಆಗುವ ಅಧ್ಯಯನಗಳೂ ಇವೆ. ಅಡಿಕೆ ಮರದಿಂದ ಮರಕ್ಕೆ ತೇಲಿಹೋಗುವ, ಗಂಡು ತನ್ನ ಗಂಟಲಿನ ಹಳದಿ ಚೀಲವನ್ನು ಬಿಚ್ಚಿ ಮಡಿಸುವ ಹಾರುವ ಓತಿಯನ್ನು ತೋಟದ ಮಕ್ಕಳು ದಿನವೂ ನೋಡುತ್ತಾರೆ. ಅದು ಒಂದು ಹಾರಾಟದಲ್ಲಿ ಎಷ್ಟು ದೂರ ಹೋಗಿ ಎಷ್ಟು ಕೆಳಗೆ ಇಳಿಯಿತು ಎಂದು ಅಳೆಯಲು ಅಡಿಕೆ ಮರಗಳ ಸಾಲೇ ಅಳತೆಗೋಲು. ಜೀರುಂಡೆಗಳ ಕೂಗು ಯಾವ ದಿನ ಶುರುವಾಯಿತು, ದಿನದ ಯಾವ ಹೊತ್ತಿಗೆ ಏರಿ ಯಾವ ಹೊತ್ತಿಗೆ ನಿಂತಿತು ಎಂದು ಬರೆದಿಡಬಹುದು. ಮೇ ಕೊನೆಯಲ್ಲಿ ರೋಹಿಣಿ ಮಳೆಯ ಹೊತ್ತಿಗೆ ಮಿಂಚುಹುಳುಗಳು ಒಂದೇ ಮರದಲ್ಲಿ ಸೇರಿ ಒಟ್ಟಿಗೆ ಮಿನುಗುವುದನ್ನು ಹತ್ತು ಸೆಕೆಂಡಿನಲ್ಲಿ ಎಷ್ಟು ಸಲ ಎಂದು ಎಣಿಸಿ, ಬೀದಿದೀಪದ ಬೆಳಕು ಬೀಳುವ ಕಡೆಗೂ ಬೀಳದ ಕಡೆಗೂ ಹೋಲಿಸಬಹುದು. ರಾತ್ರಿಯ ಬಿಳಿ ಬೆಳಕು ಹೆಚ್ಚಾದಲ್ಲಿ ಗಂಡು ಹೆಣ್ಣುಗಳಿಗೆ ಪರಸ್ಪರ ಸಂಕೇತ ಕಾಣದೆ ಅವುಗಳ ಸಂತತಿ ಕ್ಷೀಣಿಸುತ್ತದೆ. ಎಲ್‌ಇಡಿ ದೀಪದ ಕಂಬ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಪಂಚಾಯಿತಿಗೆ ಹೇಳಲು ಆ ಮಕ್ಕಳ ಎಣಿಕೆ ಸಾಕಾಗುತ್ತದೆ.

ಇಷ್ಟೆಲ್ಲ ಉತ್ಸಾಹದಿಂದ ಬರೆಯುವಾಗಲೂ ಒಂದು ವಿಷಯವನ್ನು ಬಹಳ ಗಂಭೀರವಾಗಿ ಹೇಳಲೇಬೇಕು. ಮಲೆನಾಡಿನ ಬೇಸಿಗೆಯೆಂದರೆ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳೂ ಜನರೂ ಸಾಯತೊಡಗಿದಾಗ ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದರ ವೈರಾಣುವನ್ನು ಪತ್ತೆ ಮಾಡಿದರು. ಲೋಕದ ವೈದ್ಯಗ್ರಂಥಗಳಲ್ಲಿ ಇಂದಿಗೂ ಈ ರೋಗಕ್ಕೆ ಆ ಕಾಡಿನ ಹೆಸರೇ ಇದೆ. ವೈರಾಣುವನ್ನು ದಾಟಿಸುವ ಉಣುಗುಗಳು ಮರಿಹಂತದಲ್ಲಿ ಹೆಚ್ಚು ಚುರುಕಾಗಿರುವುದು ಒಣಗಾಲದಲ್ಲಿ, ಆದ್ದರಿಂದಲೇ ಜನವರಿಯಿಂದ ಮೇವರೆಗೆ ಪ್ರಕರಣಗಳು ಏರುತ್ತವೆ. ಸೊಪ್ಪು ತರಗೆಲೆ ತರಲು ಬೆಟ್ಟಕ್ಕೆ ಹೋಗುವುದೂ, ದನಗಳನ್ನು ಕಾಡಿಗೆ ಮೇಯಲು ಬಿಡುವುದೂ ಇದೇ ತಿಂಗಳುಗಳಲ್ಲಿ. 2018ರ ಕೊನೆಯಿಂದ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಅನುಭವಿಸಿದ ಸಂಕಟವನ್ನು ಇಲ್ಲಿನವರು ಯಾರೂ ಮರೆಯಲಾರರು. ಹೀಗಿರುವಾಗ ಬೇಸಿಗೆಯಲ್ಲಿ ಮಕ್ಕಳನ್ನು ಕಾಡಿಗೆ ಕಳುಹಿಸಿ ಎಂದು ಹೇಳುವುದು ಸರಿಯೇ ಎಂದು ಓದುಗರು ಕೇಳಬಹುದು. ಆರೋಗ್ಯ ಇಲಾಖೆ ಎಚ್ಚರಿಕೆ ಕೊಟ್ಟಿರುವ ಊರುಗಳಲ್ಲಿ, ಮಂಗ ಸತ್ತಿರುವ ಸುದ್ದಿಯಿರುವ ಕಡೆಗಳಲ್ಲಿ ಕಾಡಿನೊಳಗಿನ ಯಾವ ಕಾರ್ಯಕ್ರಮವೂ ಬೇಡ, ಅದರಲ್ಲಿ ರಾಜಿಯಿಲ್ಲ. ಅಲ್ಲಿ ಅಂಗಳದ ಅಧ್ಯಯನ, ಶಾಲೆಯ ಮರಗಳ ಅಧ್ಯಯನ ಸಾಕು. ಆದರೆ ಮಕ್ಕಳಿಗೆ ಈ ರೋಗದ ಪರಿಸರ ಸಂಬಂಧವನ್ನು ಕಲಿಸದಿರುವುದು ಅದಕ್ಕಿಂತ ದೊಡ್ಡ ಅಪಾಯ. ಉಣುಗು ಯಾವ ಹಂತದಲ್ಲಿ ಯಾವ ಪ್ರಾಣಿಯನ್ನು ಹಿಡಿಯುತ್ತದೆ, ದನ ಏಕೆ ಕಾಯಿಲೆ ಬೀಳದೆ ಉಣುಗುಗಳನ್ನು ಮಾತ್ರ ಸಾಕುತ್ತದೆ, ಸತ್ತ ಮಂಗದ ಬಳಿ ಏಕೆ ಹೋಗಬಾರದು ಮತ್ತು ಕೂಡಲೇ ಯಾರಿಗೆ ತಿಳಿಸಬೇಕು, ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ ಹಚ್ಚಿಕೊಂಡು ಮೈತುಂಬ ಬಟ್ಟೆ ತೊಟ್ಟು ಹೋದವರೂ ಮನೆಗೆ ಬಂದು ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ತೊಳೆಯಬೇಕೇಕೆ ಎಂಬುದು ಹತ್ತು ವರ್ಷದ ಮಗುವಿಗೂ ಅರ್ಥವಾಗುವ ವಿಜ್ಞಾನ. ಆ ಮಗು ಅದನ್ನು ಮನೆಗೆ ಒಯ್ಯುತ್ತದೆ. ನನ್ನ ದೃಷ್ಟಿಯಲ್ಲಿ ವನ್ಯಜೀವಿ ವಿಜ್ಞಾನವನ್ನು ಮಲೆನಾಡಿನ ಶಾಲೆಗಳಿಗೆ ತರಬೇಕೆನ್ನುವುದಕ್ಕೆ ಇದೊಂದೇ ಕಾರಣವಿದ್ದರೂ ಸಾಕಿತ್ತು.

ಕಾಳ್ಗಿಚ್ಚಿನ ಕಾರಣಕ್ಕೆ ಬೇಸಿಗೆಯಲ್ಲಿ ಕೆಲವು ಚಾರಣದ ದಾರಿಗಳನ್ನು ಅರಣ್ಯ ಇಲಾಖೆ ಮುಚ್ಚುವುದೂ ಸರಿಯಾದ ಕ್ರಮವೇ. ಒಣಗಿದ ಕಾಡಿನಲ್ಲಿ ಒಂದು ಕಿಡಿ ಏನು ಮಾಡುತ್ತದೆ ಎಂಬುದನ್ನು 2019ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿ ನಾಡಿಗೆಲ್ಲ ತೋರಿಸಿದೆ. ಮಕ್ಕಳ ಅಧ್ಯಯನಕ್ಕೆ ಶಿಖರಗಳು ಬೇಕಾಗಿಲ್ಲ, ಅವರ ಊರಿನ ಸೊಪ್ಪಿನಬೆಟ್ಟ, ಕೆರೆ, ದೇವರಕಾಡು, ಹಳ್ಳದ ದಂಡೆ ಸಾಕು.

ಅರಣ್ಯ ಇಲಾಖೆ ಸರ್ಕಾರಿ ಶಾಲೆಗಳ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಚಿಣ್ಣರ ವನದರ್ಶನ ಕಾರ್ಯಕ್ರಮವನ್ನು ನಡೆಸುತ್ತಿದೆ. ಬಡಮಕ್ಕಳಿಗೆ ಕಾಡಿನ ಬಾಗಿಲು ತೆರೆದ ಈ ಯೋಜನೆಗೆ ನನ್ನ ಪೂರ್ಣ ಬೆಂಬಲವಿದೆ. ಅದನ್ನು ಒಂದು ಹೆಜ್ಜೆ ಮುಂದೆ ಒಯ್ಯಬೇಕೆಂಬುದು ನನ್ನ ಮುಖ್ಯ ಬೇಡಿಕೆ. ಒಂದೆರಡು ದಿನದ ಭೇಟಿಯಲ್ಲಿ ಮಗು ಬೆರಗುಗೊಳ್ಳುತ್ತದೆ, ಆದರೆ ವಿಜ್ಞಾನ ಹುಟ್ಟುವುದು ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಕಳೆದ ಸಲ ಬರೆದಿದ್ದಕ್ಕೂ ಈ ಸಲ ಕಂಡಿದ್ದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿದಾಗ. ಆದ್ದರಿಂದ ಎಂಟನೇ ತರಗತಿಯಲ್ಲಿ ಆಯ್ಕೆಯಾದ ತಂಡಕ್ಕೆ ಹತ್ತನೇ ತರಗತಿಯವರೆಗೂ ತಮ್ಮೂರಿನ ಒಂದೇ ಜಾಗವನ್ನು ವಹಿಸಿಕೊಟ್ಟು, ಪ್ರತಿ ಬೇಸಿಗೆಯಲ್ಲಿ ಅಲ್ಲಿಯೇ ದಾಖಲಿಸುವ ವ್ಯವಸ್ಥೆಯಾಗಬೇಕು. ಅವರಿಗೆ ಗುರುಗಳಾಗಲು ಅರಣ್ಯ ವೀಕ್ಷಕರಿಗಿಂತ ತಕ್ಕವರು ಸಿಗಲಾರರು. ಕಾಟಿ ಯಾವ ಹಾದಿಯಲ್ಲಿ ನೀರಿಗೆ ಇಳಿಯುತ್ತದೆ, ಸಿಂಗಳೀಕದ ಗುಂಪು ಯಾವ ಮರಕ್ಕೆ ಯಾವ ತಿಂಗಳಲ್ಲಿ ಬರುತ್ತದೆ ಎಂದು ಕಣ್ಣುಮುಚ್ಚಿ ಹೇಳಬಲ್ಲ ಈ ಜನರಲ್ಲಿ ಅನೇಕರು ದಿನಗೂಲಿಯ ಮೇಲೆ ದುಡಿಯುತ್ತಿದ್ದಾರೆ. ಮಕ್ಕಳಿಗೆ ಕಲಿಸುವ ದಿನಗಳಿಗೆ ಅವರಿಗೆ ಗೌರವಧನ ಕೊಟ್ಟು, ಅವರ ಹೆಸರನ್ನು ಮಕ್ಕಳ ವರದಿಯ ಮೊದಲ ಪುಟದಲ್ಲೇ ಬರೆಸಬೇಕು.

ಈ ದಾಖಲೆಗಳು ಶಾಲೆಯ ಕಪಾಟಿನಲ್ಲೇ ಉಳಿಯಬಾರದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಮತ್ತು ಅದು ಜನರೊಂದಿಗೆ ಕುಳಿತು ಊರಿನ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ವಿಧಿಸಿದ ಮೇಲೆ ಅನೇಕ ಕಡೆ ಈ ಪುಸ್ತಕಗಳು ಅವಸರದಲ್ಲಿ ತಯಾರಾದವು. ಮಕ್ಕಳು ವರ್ಷ ವರ್ಷ ತರುವ ಹಳ್ಳದ ಅಳತೆ, ಹೂ ಹಣ್ಣುಗಳ ದಿನಾಂಕ, ಹಕ್ಕಿಗಳ ಪಟ್ಟಿ ಈ ದಾಖಲಾತಿಗೆ ಸೇರಿದರೆ ಅದು ನಿಜವಾಗಿ ಊರಿನ ಪುಸ್ತಕವಾಗುತ್ತದೆ. ಪಕ್ಕದ ಕೇರಳದಲ್ಲಿ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಶಾಲಾ ಮಕ್ಕಳು ಸೀಸನ್‌ವಾಚ್ ಯೋಜನೆಯಡಿ ತಮ್ಮ ಆಯ್ಕೆಯ ಒಂದೊಂದು ಮರವನ್ನು ವಾರಕ್ಕೊಮ್ಮೆ ನೋಡಿ ಚಿಗುರು, ಹೂವು, ಕಾಯಿಗಳನ್ನು ದಾಖಲಿಸುತ್ತಿದ್ದಾರೆ. ನಮ್ಮ ಮೈಸೂರಿನಲ್ಲಿ 2014ರಿಂದ 2016ರವರೆಗೆ ಪಕ್ಷಿಪ್ರಿಯರು ಇಡೀ ನಗರವನ್ನು ಚೌಕಗಳಾಗಿ ಹಂಚಿಕೊಂಡು ಹಕ್ಕಿಗಳ ನಕಾಶೆಯನ್ನೇ ತಯಾರಿಸಿದರು. ಮೈಸೂರಿನ ಬೀದಿಗಳಲ್ಲಿ ಆದದ್ದು ಹೊಸನಗರ, ಸಿರಸಿ, ಕೊಪ್ಪ, ಮಡಿಕೇರಿಯ ಊರುಗಳಲ್ಲಿ ಆಗದಿರಲು ಕಾರಣ ಕಾಣೆ.

ಪಶ್ಚಿಮಘಟ್ಟದ ಯಾವ ಭಾಗಗಳನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಬೇಕು ಎಂಬ ಬಗ್ಗೆ ದಶಕಕ್ಕೂ ಮೀರಿ ನಡೆದಿರುವ ವಾದ ವಿವಾದ ತಮಗೆ ತಿಳಿದೇ ಇದೆ. 2011ರಲ್ಲಿ ಮಾಧವ ಗಾಡ್ಗೀಳ್ ನೇತೃತ್ವದ ತಜ್ಞರ ಸಮಿತಿ, 2013ರಲ್ಲಿ ಕಸ್ತೂರಿರಂಗನ್ ನೇತೃತ್ವದ ಸಮಿತಿ ವರದಿ ಸಲ್ಲಿಸಿದವು, ಕರಡು ಅಧಿಸೂಚನೆಗಳು ಬಂದವು, 2024ರಲ್ಲಿ ಮತ್ತೊಮ್ಮೆ ಕರಡು ಬಂದಾಗ ನಮ್ಮ ರಾಜ್ಯದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಈ ಚರ್ಚೆಯಲ್ಲಿ ಯಾರ ಪರ ವಹಿಸುವುದೂ ಈ ಪತ್ರದ ಉದ್ದೇಶವಲ್ಲ. ಊರಿನ ಸಭೆಗಳಲ್ಲಿ ಎರಡೂ ಕಡೆಯವರು ಮಾತನಾಡುವಾಗ ಆ ಊರಿನ ನೀರು, ಕಾಡು, ಪ್ರಾಣಿಗಳ ಬಗ್ಗೆ ಊರಿನವರದೇ ಆದ ಲೆಕ್ಕ ಯಾರ ಕೈಯಲ್ಲೂ ಇರುವುದಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ದಿಲ್ಲಿ ಬೆಂಗಳೂರುಗಳಲ್ಲಿ ಉಪಗ್ರಹ ಚಿತ್ರ ನೋಡಿ ಮಾಡಿದ ಗುರುತುಗಳನ್ನು ಒಪ್ಪುವುದಕ್ಕಾಗಲೀ ಪ್ರಶ್ನಿಸುವುದಕ್ಕಾಗಲೀ ನೆಲದ ಮೇಲೆ ನಡೆದು ಬರೆದ ಪುಸ್ತಕ ಬೇಕು.

ಸಂಪಾದಕರೇ, ತಮ್ಮಿಂದಲೂ ಒಂದು ಸಹಾಯವನ್ನು ಕೇಳುತ್ತೇನೆ. ಮಾರ್ಚ್‌ನಿಂದ ಜೂನ್‌ವರೆಗೆ ವಾರಕ್ಕೊಮ್ಮೆ ಕಾಲು ಪುಟವನ್ನು ಮಲೆನಾಡು, ಕೊಡಗು, ಕರಾವಳಿಯ ಘಟ್ಟದಂಚಿನ ಶಾಲೆಗಳ ಮಕ್ಕಳು ಬರೆದ ಪ್ರಕೃತಿ ಟಿಪ್ಪಣಿಗಳಿಗೆ ಮೀಸಲಿಡಿ. ಯಾವ ಊರಿನಲ್ಲಿ ಕಕ್ಕೆ ಯಾವ ದಿನ ಅರಳಿತು, ಸೀತಾಳೆ ದಂಡೆ ಹೂವು ಎಲ್ಲಿ ಬಿಟ್ಟಿತು, ಯಾವ ಹಳ್ಳ ಎಂದು ನಿಂತಿತು ಎಂಬ ಸಣ್ಣ ಸುದ್ದಿಗಳು ಅದರಲ್ಲಿ ಬರಲಿ. ಗೂಡುಗಳ ಮತ್ತು ಅಪರೂಪದ ಗಿಡಗಳ ನಿಖರ ಜಾಗವನ್ನು ಮಾತ್ರ ಪ್ರಕಟಿಸಬೇಡಿ. ಕದಿಯುವವರೂ ಕಾಟ ಕೊಡುವವರೂ ಅದನ್ನು ಓದುತ್ತಾರೆ. ಹಾಗೆಯೇ ಮೇ ಕೊನೆಯ ವಾರದಲ್ಲಿ ಶಾಲೆಗಳು ತೆರೆದು ವಾರ್ಷಿಕ ಕ್ರಿಯಾಯೋಜನೆ ಸಿದ್ಧಪಡಿಸುವ ಮೊದಲು ಈ ಪತ್ರವನ್ನು ಪ್ರಕಟಿಸಿದರೆ, ಜಿಲ್ಲೆಯ ಉಪನಿರ್ದೇಶಕರೂ ವಲಯ ಅರಣ್ಯಾಧಿಕಾರಿಗಳೂ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗಳೂ ಇದನ್ನು ನೋಡಿ ಮುಂದಿನ ಬೇಸಿಗೆಗೆ ತಾಲ್ಲೂಕಿಗೆ ಒಂದು ಶಾಲೆಯಲ್ಲಾದರೂ ಕೆಲಸ ಆರಂಭಿಸಲು ಸಮಯ ಸಿಗುತ್ತದೆ. ಹಳ್ಳದ ಅಳತೆ, ಮರಗಳ ದಾಖಲೆಯ ವಿಧಾನಗಳನ್ನು ಶಿಕ್ಷಕರಿಗೆ ಕಲಿಸಿಕೊಡಲು ನನ್ನಂಥ ನಿವೃತ್ತರು ಯಾವ ಸಂಭಾವನೆಯನ್ನೂ ಬಯಸದೆ ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ